ಹೆಸರು ಹಿಡಿದು ಅಣುವನ್ನು ಕಟ್ಟುವ ವಿದ್ಯೆ

ದತ್ತಿ ಉಪನ್ಯಾಸದ ಮುದ್ರಿತ ರೂಪ



ವಿಜ್ಞಾನದ ಒಂದು ವಿಷಯವನ್ನು ಪ್ರತಿವರ್ಷ ಕನ್ನಡದಲ್ಲಿ, ಸಾರ್ವಜನಿಕರ ಎದುರಿಗೆ ಹೇಳಿಸಬೇಕೆಂಬುದು ಈ ದತ್ತಿಯ ಆಶಯ. ಇವತ್ತು ನಾನು ಆರಿಸಿಕೊಂಡಿರುವುದು ಸಾವಯವ ರಸಾಯನಶಾಸ್ತ್ರದಲ್ಲಿ ಅಣುಗಳ ಮೂರು ಆಯಾಮದ ಜೋಡಣೆಗೆ ಹೆಸರಿಡುವ ಕ್ರಮವನ್ನು. ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವುದೇ ಹೆಚ್ಚು. ನನ್ನ ಮಟ್ಟಿಗೆ ಇದು ರಸಾಯನಶಾಸ್ತ್ರಜ್ಞರು ಕೂಡಿ ಕಟ್ಟಿದ ದೊಡ್ಡ ಕೆಲಸಗಳಲ್ಲೊಂದು.

1. ಹಲಗೆಯ ಮೇಲಿನ ಹೆಸರು

ಹಲಗೆಯ ಮೇಲೆ ಒಂದು ಹೆಸರು ಬರೆದಿದ್ದೇನೆ: (2ಆರ್,3ಆರ್)-2,3-ಡೈಹೈಡ್ರಾಕ್ಸಿಬ್ಯೂಟೇನ್‌ಡೈಓಯಿಕ್ ಆಮ್ಲ. ಹೆಸರು ಉದ್ದವಾಗಿದೆ, ಆದರೆ ವಸ್ತು ನಿಮ್ಮೆಲ್ಲರ ನಾಲಗೆಗೂ ಗೊತ್ತಿರುವಂಥದ್ದು. ಸಾರಿಗೆ ಕಿವುಚಿ ಹಾಕುವ ಹುಣಸೆಹಣ್ಣಿನ ಮುಖ್ಯ ಹುಳಿ ಇದೇ. ದ್ರಾಕ್ಷಿಯಲ್ಲೂ ಇದೆ. ಬಳಕೆಯಲ್ಲಿ ಇದನ್ನು ಟಾರ್ಟಾರಿಕ್ ಆಮ್ಲ ಎನ್ನುತ್ತೇವೆ.

ಉದ್ದದ ಹೆಸರನ್ನು ಬಿಡಿಸಿ ನೋಡೋಣ. ‘ಬ್ಯೂಟೇನ್’ ಅಂದರೆ ನಾಲ್ಕು ಇಂಗಾಲದ ಪರಮಾಣುಗಳ ಸರಪಳಿ. ‘ಡೈಓಯಿಕ್ ಆಮ್ಲ’ ಅಂದರೆ ಸರಪಳಿಯ ಎರಡು ತುದಿಗಳಲ್ಲೂ ಆಮ್ಲದ ಗುಂಪು. ‘2,3-ಡೈಹೈಡ್ರಾಕ್ಸಿ’ ಅಂದರೆ ನಡುವಿನ ಎರಡು ಇಂಗಾಲಗಳಿಗೆ ಒಂದೊಂದು ಹೈಡ್ರಾಕ್ಸಿಲ್ ಗುಂಪು. ಯಾರಿಗೆ ಯಾರು ಅಂಟಿಕೊಂಡಿದ್ದಾರೆ ಎಂಬುದು ಇಲ್ಲಿಗೆ ಪೂರ್ತಿ ಗೊತ್ತಾಯಿತು. ಅಣು ಮಾತ್ರ ಇನ್ನೂ ಗೊತ್ತಾಗಿಲ್ಲ. ಆವರಣದೊಳಗಿನ ‘2ಆರ್,3ಆರ್’ ಅಳಿಸಿದರೆ ಅದೇ ಹೆಸರಿಗೆ ಮೂರು ಬೇರೆ ಬೇರೆ ಅಣುಗಳು ಓಗೊಡುತ್ತವೆ. ಒಂದು ಹುಣಸೆಯದು. ಇನ್ನೊಂದು ಅದರ ಕನ್ನಡಿ ಪ್ರತಿಬಿಂಬ, (2ಎಸ್,3ಎಸ್). ಮೂರನೆಯದು ಮೀಸೋ ರೂಪ, (2ಆರ್,3ಎಸ್). ಹುಣಸೆಯ ಆಮ್ಲ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಮೀಸೋ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ವಸ್ತುವೇ ಬೇರೆ ಎನ್ನಲು ಅಷ್ಟು ಸಾಕು.

ಇಲ್ಲಿಂದ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಒಳ್ಳೆಯ ರಾಸಾಯನಿಕ ಹೆಸರು ಅಣುವನ್ನು ಗುರುತಿಸಿದರೆ ಸಾಲದು. ಆ ಅಣುವನ್ನು ಎಂದೂ ಕಾಣದವನು ಹೆಸರೊಂದನ್ನೇ ಹಿಡಿದು ಅದನ್ನು ತಪ್ಪಿಲ್ಲದೆ ಕಟ್ಟುವಂತಿರಬೇಕು. ನಮಗೆ ತಿಳಿದಿರುವುದಕ್ಕಿಂತ ಹೆಚ್ಚಿನದನ್ನು ಆ ಹೆಸರು ಹೇಳಲೂ ಕೂಡದು. ಈ ಎರಡು ಷರತ್ತುಗಳನ್ನು ಪೂರೈಸಲು ರಸಾಯನಶಾಸ್ತ್ರಕ್ಕೆ ಒಂದೂವರೆ ಶತಮಾನ ಬೇಕಾಯಿತು.

2. ಬೆಳಕು ಕೊಟ್ಟ ಹೆಸರು

1815ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಜಾನ್ ಬಪ್ತೀಸ್ತ್ ಬೀಓ ಟರ್ಪೆಂಟೈನ್‌ನಂಥ ದ್ರವಗಳು ಧ್ರುವೀಕೃತ ಬೆಳಕಿನ ತಲವನ್ನು ತಿರುಗಿಸುತ್ತವೆ ಎಂದು ಕಂಡ. ಬಲಕ್ಕೆ ತಿರುಗಿಸುವ ವಸ್ತು ಬಲಮುರಿ, ಎಡಕ್ಕೆ ತಿರುಗಿಸುವುದು ಎಡಮುರಿ. ಇಂದು ಇವುಗಳ ಗುರುತು (+) ಮತ್ತು (−).

1848ರಲ್ಲಿ ಲೂಯಿ ಪಾಶ್ಚರ್‌ಗೆ ಇನ್ನೂ ಇಪ್ಪತ್ತೈದೇ ವರ್ಷ. ಟಾರ್ಟಾರಿಕ್ ಆಮ್ಲದ್ದೇ ಇನ್ನೊಂದು ಬಗೆಯಾದ, ಬೆಳಕನ್ನು ಯಾವ ಕಡೆಗೂ ತಿರುಗಿಸದ ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಆತ ಹರಳುಗಟ್ಟಿಸಿದ. ಹರಳುಗಳನ್ನು ಹತ್ತಿರದಿಂದ ನೋಡಿದಾಗ ಅವುಗಳ ಮೂಲೆಯ ಪುಟ್ಟ ಮುಖಗಳು ಕೆಲವದರಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ ವಾಲಿದ್ದವು. ನಮ್ಮ ಎರಡು ಕೈಗಳಂತೆ ಅವು ಪರಸ್ಪರ ಪ್ರತಿಬಿಂಬಗಳು, ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ. ಪಾಶ್ಚರ್ ಹರಳುಗಳನ್ನು ಒಂದೊಂದಾಗಿ ಆರಿಸಿ ಎರಡು ಗುಡ್ಡೆ ಮಾಡಿದ. ಒಂದು ಗುಡ್ಡೆಯ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದರದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿತು. ವೃದ್ಧ ಬೀಓ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ತಾನೇ ಪರೀಕ್ಷಿಸಿದ ಆಮ್ಲವನ್ನು ಕೊಟ್ಟು, ತನ್ನ ಎದುರಿಗೇ ಪ್ರಯೋಗವನ್ನು ಮತ್ತೆ ಮಾಡಿಸಿ, ಅಳತೆಯನ್ನು ತಾನೇ ತೆಗೆದು, ಆಮೇಲೆ ಒಪ್ಪಿದ. ಈ ಲವಣದ ಹರಳುಗಳು ಹೀಗೆ ಬೇರೆಬೇರೆಯಾಗಿ ಮೂಡುವುದು ಸುಮಾರು 27 ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿ ಮಾತ್ರ. ಬೇಸಿಗೆಯ ಸೆಕೆಯಲ್ಲಿ ಕೂತಿದ್ದರೆ ಪಾಶ್ಚರ್‌ಗೆ ಅವು ಕಾಣುತ್ತಲೇ ಇರಲಿಲ್ಲ.

ಆದರೆ (+) ಮತ್ತು (−) ಹೇಳುವುದು ಬೆಳಕಿಗೆ ಏನಾಯಿತು ಎಂಬುದನ್ನು. ಅಣುವಿನ ಆಕಾರ ಅದರಿಂದ ಸಿಗುವುದಿಲ್ಲ. ಲ್ಯಾಕ್ಟಿಕ್ ಆಮ್ಲವನ್ನೇ ನೋಡಿ. ದುಡಿದ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲ ಬಲಮುರಿ. ಅದನ್ನು ಸೋಡಿಯಂ ಲವಣ ಮಾಡಿದರೆ ಲವಣ ಎಡಮುರಿ. ಈ ಬದಲಾವಣೆಯಲ್ಲಿ ಅಣುವಿನ ನಡುವಿನ ಇಂಗಾಲದ ಒಂದು ಬಂಧವೂ ಮುರಿದಿಲ್ಲ, ನಾಲ್ಕು ಗುಂಪುಗಳೂ ಇದ್ದ ಕಡೆಯೇ ಇವೆ. ಆಕಾರ ಹಾಗೇ ಇದ್ದು ಗುರುತು ಬದಲಾದರೆ ಆ ಗುರುತನ್ನು ಹಿಡಿದು ಅಣುವನ್ನು ಕಟ್ಟುವುದು ಹೇಗೆ?

3. ಚತುರ್ಮುಖಿ ಇಂಗಾಲ

1874ರಲ್ಲಿ ಹಾಲೆಂಡಿನ ವ್ಯಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಪರಸ್ಪರ ಕೇಳದೆಯೇ ಒಂದೇ ತೀರ್ಮಾನಕ್ಕೆ ಬಂದರು. ವ್ಯಾಂಟ್ ಹಾಫ್‌ನ ಚಿತ್ರ ಸ್ಪಷ್ಟವಾಗಿತ್ತು: ಇಂಗಾಲದ ನಾಲ್ಕು ಬಂಧಗಳು ಒಂದು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳಿದ್ದರೆ ಅವನ್ನು ಜೋಡಿಸಲು ಎರಡೇ ಬಗೆ, ಒಂದು ಇನ್ನೊಂದರ ಪ್ರತಿಬಿಂಬ. ಜರ್ಮನಿಯ ಹಿರಿಯ ರಸಾಯನಶಾಸ್ತ್ರಜ್ಞ ಹರ್ಮನ್ ಕೋಲ್ಬೆ 1877ರಲ್ಲಿ ಇದನ್ನು ಬರಿಯ ಕಲ್ಪನಾವಿಹಾರವೆಂದು ಕಟುವಾಗಿ ಜರೆದ. ವ್ಯಾಂಟ್ ಹಾಫ್ ಆಗ ಉಟ್ರೆಕ್ಟ್‌ನ ಪಶುವೈದ್ಯ ಶಾಲೆಯಲ್ಲಿದ್ದುದನ್ನೂ ಎತ್ತಿ ಆಡಿದ. ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಸಂದದ್ದು ಅದೇ ವ್ಯಾಂಟ್ ಹಾಫ್‌ಗೆ, ಬೇರೆ ಸಂಶೋಧನೆಗಳಿಗಾಗಿ.

ಹೀಗೆ ನಾಲ್ಕು ಬೇರೆ ಬೇರೆ ಗುಂಪುಗಳಿರುವ ಕೇಂದ್ರ ಅಣುವಿನಲ್ಲಿ ಒಂದಿದ್ದರೆ ರೂಪಗಳು ಎರಡು, ಎರಡಿದ್ದರೆ ನಾಲ್ಕರವರೆಗೆ, ನಾಲ್ಕಿದ್ದರೆ ಹದಿನಾರರವರೆಗೆ. ಕೊಲೆಸ್ಟರಾಲ್‌ನಲ್ಲಿ ಇಂಥ ಕೇಂದ್ರಗಳು 8, ಸಾಧ್ಯವಿರುವ ರೂಪಗಳು 256. ನಮ್ಮ ದೇಹ ಕಟ್ಟುವುದು ಅವುಗಳಲ್ಲಿ ಒಂದನ್ನೇ. ಹೆಸರೂ ಆ ಒಂದನ್ನೇ ಹೇಳಬೇಕು.

4. ಊಹೆಯ ಮೇಲೆ ನಿಂತ ವಂಶಾವಳಿ

ಗ್ಲೂಕೋಸ್ ಮತ್ತು ಅದರ ಬಂಧುಗಳ ಹದಿನಾರು ರೂಪಗಳನ್ನು ಬಿಡಿಸಿದವನು ಎಮಿಲ್ ಫಿಷರ್. 1891ರ ಹೊತ್ತಿಗೆ ಯಾವ ಸಕ್ಕರೆಗೆ ಯಾವುದು ಹೇಗೆ ಸಂಬಂಧ ಎಂದು ಅವನು ಪ್ರಯೋಗಗಳಿಂದ ತೋರಿಸಿದ್ದ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಇಡೀ ವಂಶ ಒಂದು ಕಡೆಗಿದೆಯೋ ಅಥವಾ ಅದರ ಪ್ರತಿಬಿಂಬದ ಕಡೆಗೋ? ಅದನ್ನು ನಿರ್ಧರಿಸುವ ಸಾಧನ ಆಗ ಜಗತ್ತಿನಲ್ಲೇ ಇರಲಿಲ್ಲ. ಫಿಷರ್ ಒಂದು ಕಡೆಯನ್ನು ಆರಿಸಿಕೊಂಡು, ಇದು ಅನುಕೂಲಕ್ಕಾಗಿ ಮಾಡಿದ ಆಯ್ಕೆ ಎಂದು ತಿಳಿದೇ ಮುಂದುವರಿದ. ಸರಿಯಾಗುವ ಸಂಭವ ಅರ್ಧಕ್ಕರ್ಧ.

1906ರಲ್ಲಿ ರೋಸನಾಫ್ ಗ್ಲಿಸರಾಲ್ಡಿಹೈಡ್ ಎಂಬ ಚಿಕ್ಕ ಅಣುವನ್ನು ಮೂಲಪುರುಷನಾಗಿ ನಿಲ್ಲಿಸಿ ಡಿ ಮತ್ತು ಎಲ್ ಎಂಬ ಎರಡು ಶಾಖೆಗಳನ್ನು ಸೂಚಿಸಿದ. ಒಂದು ಅಣುವನ್ನು ಗ್ಲಿಸರಾಲ್ಡಿಹೈಡ್‌ಗೆ ರಾಸಾಯನಿಕವಾಗಿ ಸಂಬಂಧಿಸಿ ತೋರಿಸಿದರೆ ಅದರ ಶಾಖೆ ಗೊತ್ತಾಗುತ್ತದೆ. ಸಕ್ಕರೆಗಳಿಗೂ ಅಮೈನೋ ಆಮ್ಲಗಳಿಗೂ ಈ ಕ್ರಮ ಹೊಂದಿಕೊಂಡಿತು. ಜೀವರಸಾಯನ ಅದನ್ನು ಇಂದಿಗೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ತೊಡಕು ಕಾಣಿಸಿಕೊಂಡದ್ದು ನಮ್ಮ ಹುಣಸೆಯ ಆಮ್ಲದಲ್ಲಿ. ಅದನ್ನು ಸಕ್ಕರೆಗಳ ದಾರಿಯಲ್ಲಿ ಮೂಲಕ್ಕೆ ಒಯ್ದರೆ ಎಲ್ ಶಾಖೆಗೆ ಸೇರುತ್ತದೆ, ಅಮೈನೋ ಆಮ್ಲಗಳ ದಾರಿಯಲ್ಲಿ ಒಯ್ದರೆ ಡಿ ಶಾಖೆಗೆ. ಒಂದೇ ಅಣು ಕೆಲವು ಪುಸ್ತಕಗಳಲ್ಲಿ ಡಿ, ಕೆಲವದರಲ್ಲಿ ಎಲ್. ಎರಡೂ ಕಡೆಯವರು ನಿಯಮ ಪಾಲಿಸಿಯೇ ಬರೆದಿದ್ದರು. ಯಾರೊಡನೆ ನೆಂಟಸ್ತನ ಎಂಬುದರ ಮೇಲೆ ನಿಂತ ಹೆಸರಿಗೆ ಎರಡು ಕಡೆಯ ನೆಂಟರಿದ್ದರೆ ಈ ಗತಿ.

ಫಿಷರ್‌ನ ಊಹೆಗೆ ಉತ್ತರ ಸಿಕ್ಕಿದ್ದೂ ಇದೇ ಆಮ್ಲದಿಂದ. 1951ರಲ್ಲಿ ಉಟ್ರೆಕ್ಟ್‌ನಲ್ಲಿ, ವ್ಯಾಂಟ್ ಹಾಫ್ ಹೆಸರಿನ ಪ್ರಯೋಗಾಲಯದಲ್ಲಿಯೇ, ಬೈಫುಟ್ ಮತ್ತು ಅವನ ಸಹೋದ್ಯೋಗಿಗಳು ಟಾರ್ಟಾರಿಕ್ ಆಮ್ಲದ ಸೋಡಿಯಂ ರುಬಿಡಿಯಂ ಲವಣದ ಹರಳಿಗೆ ಕ್ಷ-ಕಿರಣ ಹಾಯಿಸಿದರು. ಮಾಮೂಲು ಕ್ಷ-ಕಿರಣ ಚಿತ್ರದಲ್ಲಿ ಒಂದು ಹರಳೂ ಅದರ ಪ್ರತಿಬಿಂಬವೂ ಒಂದೇ ಥರ ಕಾಣುತ್ತವೆ. ರುಬಿಡಿಯಂ ಪರಮಾಣುವನ್ನು ಕೆರಳಿಸುವಂಥ ತರಂಗದೂರವನ್ನು ಆರಿಸಿದಾಗ ಎರಡರ ನಡುವೆ ತುಸು ವ್ಯತ್ಯಾಸ ಬೀಳುತ್ತದೆ; ಇದಕ್ಕೆ ಅಸಂಗತ ಚದುರುವಿಕೆ ಎಂದು ಹೆಸರು. ಆ ಸಣ್ಣ ವ್ಯತ್ಯಾಸವನ್ನು ಅಳೆದು ಅವರು ಆಮ್ಲದ ನಿಜವಾದ ವಿನ್ಯಾಸವನ್ನು ಹೇಳಿದರು. ಫಿಷರ್ ಆರಿಸಿದ ಕಡೆಯೇ ಸರಿಯಾಗಿತ್ತು. ಇಲ್ಲದಿದ್ದರೆ ಅರವತ್ತು ವರ್ಷಗಳ ಪುಸ್ತಕಗಳ ಒಂದೊಂದು ಚಿತ್ರವನ್ನೂ ಮಗುಚಿ ಹಾಕಬೇಕಾಗುತ್ತಿತ್ತು.

ಈ ವಿಧಾನವನ್ನು ಮುಂದಕ್ಕೊಯ್ದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತ ಜಿ. ಎನ್. ರಾಮಚಂದ್ರನ್ ಒಬ್ಬರು. 1956ರಲ್ಲಿ ಅವರು ಎಸ್. ರಾಮನ್ ಜೊತೆ ಸೇರಿ, ಇದೇ ಅಸಂಗತ ಚದುರುವಿಕೆಯನ್ನು ಬಳಸಿ ಹರಳಿನ ರಚನೆ ಬಿಡಿಸುವ ದಾರಿಯನ್ನು ಪ್ರಕಟಿಸಿದರು.

5. ನೆಂಟಸ್ತನ ಕೇಳದ ನಿಯಮ

ಈಗ ಬೇಕಾಗಿದ್ದದ್ದು ಅಣುವಿನ ಇತಿಹಾಸವನ್ನೂ ಬೆಳಕನ್ನೂ ಕೇಳದೆ, ಅಣುವನ್ನಷ್ಟೇ ನೋಡಿ ಹೇಳುವ ನಿಯಮ. ಅದನ್ನು ಕೊಟ್ಟವರು ಮೂವರು: ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯ ಸಂಪಾದಕ ಕಾನ್, ಯೂನಿವರ್ಸಿಟಿ ಕಾಲೇಜಿನ ಇಂಗೋಲ್ಡ್, ಸರಾಯೆವೊದಲ್ಲಿ ಹುಟ್ಟಿ ಜ್ಯೂರಿಕ್‌ನಲ್ಲಿ ನೆಲೆಸಿದ ಪ್ರೆಲೋಗ್. ಮೊದಲಿಬ್ಬರು 1951ರಲ್ಲಿ ಆರಂಭಿಸಿದರು. ಮೂವರೂ ಸೇರಿ 1956ರಲ್ಲಿ ವಿಸ್ತರಿಸಿ, 1966ರಲ್ಲಿ ಮತ್ತೆ ತಿದ್ದಿದರು. ಪ್ರತಿದಿನ ಬೇರೆಯವರ ಬರಹದಲ್ಲಿ ಹೆಸರುಗಳ ಗೊಂದಲ ಬಿಡಿಸುತ್ತಿದ್ದ ಸಂಪಾದಕನೊಬ್ಬ ಈ ಕೆಲಸದ ಆರಂಭದಿಂದಲೇ ಇದ್ದುದು ಸಹಜವೇ ಆಗಿತ್ತು.

ನಿಯಮ ಹೀಗಿದೆ. ಇಂಗಾಲಕ್ಕೆ ಅಂಟಿದ ನಾಲ್ಕು ಗುಂಪುಗಳಿಗೆ ದರ್ಜೆ ಕೊಡಿ. ಪರಮಾಣು ಸಂಖ್ಯೆ ದೊಡ್ಡದಾದಷ್ಟೂ ದರ್ಜೆ ಮೇಲು. ಕೊನೆಯ ದರ್ಜೆಯ ಗುಂಪನ್ನು ನಿಮ್ಮಿಂದ ದೂರಕ್ಕೆ ತಿರುಗಿಸಿ ಹಿಡಿಯಿರಿ. ಉಳಿದ ಮೂರನ್ನು ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ. ಎಣಿಕೆ ಪ್ರದಕ್ಷಿಣೆಯಾಗಿ ಸಾಗಿದರೆ ಆರ್, ಅಪ್ರದಕ್ಷಿಣೆಯಾದರೆ ಎಸ್.

ಎರಡು ಅಮೈನೋ ಆಮ್ಲಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ: ಸೆರೀನ್ ಮತ್ತು ಸಿಸ್ಟೀನ್. ಎರಡೂ ಎಲ್ ಶಾಖೆಯವು, ಎರಡರ ಜೋಡಣೆಯೂ ಒಂದೇ ಬಗೆಯದು. ಸೆರೀನ್‌ನಲ್ಲಿ ಆಮ್ಲಜನಕ ಇರುವ ಕಡೆ ಸಿಸ್ಟೀನ್‌ನಲ್ಲಿ ಗಂಧಕ ಇದೆ, ಅಷ್ಟೇ ವ್ಯತ್ಯಾಸ. ಎರಡರಲ್ಲೂ ಮೊದಲ ದರ್ಜೆ ಸಾರಜನಕದ ಗುಂಪಿಗೆ, ಕೊನೆಯದು ಜಲಜನಕಕ್ಕೆ. ನಡುವಿನ ಎರಡು ಗುಂಪುಗಳೂ ಇಂಗಾಲದಿಂದಲೇ ಶುರುವಾಗುವುದರಿಂದ ಅಲ್ಲಿ ಸಮ ಬಿತ್ತು. ಆಗ ಒಂದು ಹೆಜ್ಜೆ ಮುಂದೆ ಹೋಗಿ, ಆ ಇಂಗಾಲಗಳಿಗೆ ಏನೇನು ಅಂಟಿದೆ ಎಂದು ನೋಡಬೇಕು. ಆಮ್ಲದ ಗುಂಪಿನ ಇಂಗಾಲಕ್ಕೆ ಆಮ್ಲಜನಕ, ಆಮ್ಲಜನಕ, ಆಮ್ಲಜನಕ, ಏಕೆಂದರೆ ದ್ವಿಬಂಧದ ಆಮ್ಲಜನಕವನ್ನು ಎರಡು ಸಲ ಎಣಿಸುವುದು ನಿಯಮ. ಸೆರೀನ್‌ನ ಇನ್ನೊಂದು ಗುಂಪಿನಲ್ಲಿ ಆಮ್ಲಜನಕ, ಜಲಜನಕ, ಜಲಜನಕ. ಆಮ್ಲದ ಗುಂಪು ಗೆದ್ದಿತು. ಸೆರೀನ್ ಎಸ್ ಆಯಿತು. ಸಿಸ್ಟೀನ್‌ನಲ್ಲಿ ಗಂಧಕ, ಜಲಜನಕ, ಜಲಜನಕ. ಇಲ್ಲಿ ಒಟ್ಟು ಮೊತ್ತ ಲೆಕ್ಕಕ್ಕಿಲ್ಲ, ಮೊದಲು ವ್ಯತ್ಯಾಸ ಕಾಣುವ ಕಡೆಯಲ್ಲೇ ತೀರ್ಮಾನ. ಗಂಧಕದ ಸಂಖ್ಯೆ 16, ಆಮ್ಲಜನಕದ್ದು 8. ಗಂಧಕವಿರುವ ಗುಂಪು ಮೇಲಾಯಿತು, ಎಣಿಕೆಯ ದಿಕ್ಕು ತಿರುಗಿತು, ಸಿಸ್ಟೀನ್ ಆರ್ ಆಯಿತು.

ಒಂದೇ ಆಕಾರಕ್ಕೆ ಎರಡು ಅಕ್ಷರಗಳೇ ಎಂದು ವಿದ್ಯಾರ್ಥಿಗಳು ಬೇಸರಿಸುವುದುಂಟು. ಬೇಸರಕ್ಕೆ ಕಾರಣವಿಲ್ಲ. ಆರ್ ಮತ್ತು ಎಸ್ ಹೋಲಿಕೆ ಹೇಳಲು ಹುಟ್ಟಿದವಲ್ಲ. ಹೋಲಿಕೆ ಹೇಳಲು ಎಲ್ ಇದೆ, ಬೆಳಕಿನ ಬಗ್ಗೆ ಹೇಳಲು (+) ಮತ್ತು (−) ಇವೆ. ಆರ್, ಎಸ್ ಹೇಳುವುದು ಕಟ್ಟುವವನಿಗೆ: ಇದನ್ನು ಇಲ್ಲಿಡು, ಅದನ್ನು ಅಲ್ಲಿಡು ಎಂದು. ಮೂರು ಗುರುತುಗಳು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ. ಒಂದರಿಂದ ಇನ್ನೊಂದನ್ನು ಊಹಿಸಲು ಹೊರಟಾಗಲೇ ತಪ್ಪಾಗುವುದು.

ಇದೇ ದರ್ಜೆಯ ನಿಯಮವನ್ನು 1968ರಲ್ಲಿ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸಂಸ್ಥೆಯ ತಂಡ ದ್ವಿಬಂಧಗಳಿಗೂ ಅನ್ವಯಿಸಿ ಇ ಮತ್ತು ಝಡ್ ಎಂಬ ಗುರುತುಗಳನ್ನು ಸೂಚಿಸಿತು. ದ್ವಿಬಂಧದ ನಾಲ್ಕು ಗುಂಪುಗಳೂ ಬೇರೆ ಬೇರೆಯಾದಾಗ ಸಿಸ್, ಟ್ರಾನ್ಸ್ ಎಂಬ ಹಳೆಯ ಜೋಡಿ ಕೈಕೊಡುತ್ತಿತ್ತು. ಹೀಗೆಯೇ ಸೈಕ್ಲೋಹೆಕ್ಸೇನ್ ಉಂಗುರದ ಬಂಧಗಳಿಗೆ ಒಬ್ಬೊಬ್ಬರು ಒಂದೊಂದು ಹೆಸರು ಬಳಸುತ್ತಿದ್ದಾಗ 1953ರಲ್ಲಿ ಬಾರ್ಟನ್, ಹಾಸೆಲ್, ಪಿಟ್ಜರ್, ಪ್ರೆಲೋಗ್ ನಾಲ್ವರೂ ಒಟ್ಟಾಗಿ ಸಹಿ ಮಾಡಿ ಆಕ್ಸಿಯಲ್, ಇಕ್ವಟೋರಿಯಲ್ ಎಂಬ ಒಂದೇ ಜೋಡಿಯನ್ನು ಮುಂದಿಟ್ಟರು. ಹೆಸರಿನ ವಿಷಯದಲ್ಲಿ ಸ್ವಂತ ಪ್ರತಿಷ್ಠೆ ಬದಿಗಿಟ್ಟ ಇಂಥ ಒಪ್ಪಂದಗಳನ್ನು ನಾನು ತುಂಬ ಗೌರವಿಸುತ್ತೇನೆ.

6. ಔಷಧದ ಚೀಟಿಯಲ್ಲಿ

ಇದೆಲ್ಲ ಪ್ರಯೋಗಾಲಯದ ಮಾತು ಎನಿಸಿದರೆ ಮನೆಯ ಔಷಧದ ಡಬ್ಬಿ ತೆರೆದು ನೋಡಿ. ನೆಗಡಿ, ತುರಿಕೆಗೆ ಕೊಡುವ ಲೆವೊಸೆಟಿರಿಜಿನ್ ಇದೆ, ಸೋಂಕಿಗೆ ಕೊಡುವ ಲೆವೊಫ್ಲಾಕ್ಸಾಸಿನ್ ಇದೆ. ಎರಡರ ಹೆಸರಿನಲ್ಲೂ ‘ಲೆವೊ’ ಇದೆ, ಏಕೆಂದರೆ ಎರಡೂ ಎಡಮುರಿ. ಆದರೆ ಮೊದಲನೆಯದರ ವಿನ್ಯಾಸ ಆರ್, ಎರಡನೆಯದರದು ಎಸ್. ಎಸಿಟಲೋಪ್ರಾಮ್, ಎಸೊಮೆಪ್ರಜೋಲ್ ಹೆಸರುಗಳ ಮೊದಲಿನ ‘ಎಸ್’ ಸದ್ದು ವಿನ್ಯಾಸವನ್ನೇ ಹೇಳುತ್ತದೆ. ಎಸೊಮೆಪ್ರಜೋಲ್‌ನಲ್ಲಿ ಆ ಕೇಂದ್ರ ಇಂಗಾಲವಲ್ಲ, ಗಂಧಕ.

ಥಾಲಿಡೊಮೈಡ್ ದುರಂತವನ್ನು ಇಲ್ಲಿ ನೆನೆಯಲೇಬೇಕು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು 1961ರ ಕೊನೆಗೆ ಹಿಂತೆಗೆಯಲಾದ ಈ ಮಾತ್ರೆಯಿಂದ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. ಒಂದು ರೂಪವನ್ನಷ್ಟೇ ಬೇರ್ಪಡಿಸಿ ಕೊಟ್ಟಿದ್ದರೆ ಇದು ತಪ್ಪುತ್ತಿತ್ತು ಎಂದು ಹಲವು ಪಾಠಗಳು ಹೇಳುತ್ತವೆ. ಅದು ಸರಿಯಲ್ಲ. ದೇಹದೊಳಗೆ ಥಾಲಿಡೊಮೈಡ್‌ನ ಆರ್ ರೂಪ ಎಸ್ ಆಗಿ, ಎಸ್ ರೂಪ ಆರ್ ಆಗಿ ಬದಲಾಗುತ್ತಿರುತ್ತವೆ. ಹೆಸರು ಹೇಳುವುದು ಅಣು ಈಗ ಹೇಗಿದೆ ಎಂದು. ನಾಳೆ ರಕ್ತದಲ್ಲಿ ಹೇಗಿರುತ್ತದೆ ಎಂಬುದನ್ನು ಪ್ರಯೋಗ ಮಾಡಿಯೇ ತಿಳಿಯಬೇಕು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡೂ ರೂಪಗಳ ಗುಣವನ್ನು ಬೇರೆಬೇರೆಯಾಗಿ ಪರಿಶೀಲಿಸುವಂತೆ ಔಷಧ ಕಂಪನಿಗಳಿಗೆ ನೀತಿಯೊಂದನ್ನು ಪ್ರಕಟಿಸಿತು.

7. ಗೊತ್ತಿಲ್ಲದ್ದನ್ನೂ ಬರೆಯಬೇಕು

ಎರಡನೆಯ ಷರತ್ತಿಗೆ ಬರುತ್ತೇನೆ: ತಿಳಿದಷ್ಟನ್ನೇ ಹೇಳುವುದು. ಎರಡು ಪ್ರತಿಬಿಂಬಗಳೂ ಸಮನಾಗಿ ಬೆರೆತಿದ್ದರೆ ಹೆಸರಿನ ಮುಂದೆ ‘ರ‍್ಯಾಕ್’ ಎಂದು ಬರೆಯುತ್ತೇವೆ. ಕೇಂದ್ರಗಳ ಪರಸ್ಪರ ಸಂಬಂಧ ಗೊತ್ತಿದ್ದು, ಒಟ್ಟಿನಲ್ಲಿ ಯಾವ ಕಡೆ ಎಂಬುದು ಗೊತ್ತಿಲ್ಲದಿದ್ದರೆ ‘ರೆಲ್’. ಒಂದು ಕೇಂದ್ರದ ವಿನ್ಯಾಸವೇ ತಿಳಿಯದಿದ್ದರೆ ಗ್ರೀಕ್ ಅಕ್ಷರ ‘ಕ್ಸೈ’. ಅಜ್ಞಾನಕ್ಕೂ ನಿಖರವಾದ ಗುರುತು ಇಟ್ಟುಕೊಂಡಿರುವ ಶಾಸ್ತ್ರ ಇದು. ಫಿಷರ್ ತನ್ನ ಊಹೆಯನ್ನು ಊಹೆ ಎಂದೇ ಇಟ್ಟುಕೊಂಡಿದ್ದರಿಂದ ಅರವತ್ತು ವರ್ಷಗಳ ಬಳಿಕ ಅದನ್ನು ಪರೀಕ್ಷಿಸಲು ಸಾಧ್ಯವಾಯಿತು.

ನಮ್ಮ ಕಡೆಯ ಉದಾಹರಣೆಯೊಂದು ಇಲ್ಲಿ ಸಲ್ಲುತ್ತದೆ. ಮಲೆನಾಡಿನ ಉಪ್ಪಾಗೆ ನಿಮಗೆ ಗೊತ್ತು; ಕೊಡಗಿನ ಕಾಚಂಪುಳಿ ತಯಾರಾಗುವುದು ಅದೇ ಹಣ್ಣಿನಿಂದ. ಅದರ ಹುಳಿ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲ ಎಂಬ ನಂಬಿಕೆ ಹಿಂದೆ ಇತ್ತು. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಲೂಯಿಸ್ ಮತ್ತು ನೀಲಕಂಠನ್ ಅದನ್ನು ಬಿಡಿಸಿ ನೋಡಿ, ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಪ್ರಕಟಿಸಿದರು. ಸಿಟ್ರಿಕ್ ಆಮ್ಲದಲ್ಲಿ ಎಡಬಲದ ಪ್ರಶ್ನೆಯೇ ಇಲ್ಲ. ಅದಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿದರೆ ಎರಡು ಕೇಂದ್ರಗಳು ಹುಟ್ಟಿ ನಾಲ್ಕು ರೂಪಗಳಾಗುತ್ತವೆ. ಅವರ ಪ್ರಬಂಧದ ಶೀರ್ಷಿಕೆಯಲ್ಲಿ ಆಮ್ಲದ ಹೆಸರಿನ ಮುಂದೆ ಇರುವುದು (−), ಪೋಲರಿಮೀಟರ್‌ನಲ್ಲಿ ಕಂಡ ಗುರುತು. 1969ರಲ್ಲಿ ಕ್ಷ-ಕಿರಣ ಅಧ್ಯಯನ ಅದರ ಎರಡೂ ಕೇಂದ್ರಗಳ ವಿನ್ಯಾಸವನ್ನು ನಿರ್ಧರಿಸಿತು: ಎರಡೂ ಎಸ್. ದಾಸವಾಳದ ಕುಲದ ಕೆಂಪು ಪುಂಡಿಯಲ್ಲಿ ಸಿಗುವ ರೂಪದಲ್ಲಿ ಒಂದು ಎಸ್, ಇನ್ನೊಂದು ಆರ್. ಕೊಬ್ಬು ತಯಾರಾಗುವ ದಾರಿಯ ಒಂದು ಕಿಣ್ವವನ್ನು ಬಲವಾಗಿ ತಡೆಯುವುದು ನಾಲ್ಕರಲ್ಲಿ ಉಪ್ಪಾಗೆಯ ರೂಪವೊಂದೇ. ಹಾಗಿರುವಾಗ ‘ಹೈಡ್ರಾಕ್ಸಿಸಿಟ್ರಿಕ್ ಆಮ್ಲ’ ಎಂದಷ್ಟೇ ಅಚ್ಚು ಮಾಡಿದ ಸೀಸೆಯ ಚೀಟಿ ಅರ್ಧ ಮಾತನ್ನಷ್ಟೇ ಹೇಳುತ್ತದೆ.

8. ಒಂದು ಕೋರಿಕೆ

ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ನಮ್ಮ ತರಗತಿಗಳಲ್ಲಿ ಚಿತ್ರ ಕೊಟ್ಟು ಹೆಸರು ಬರೆಸುತ್ತೇವೆ. ಇನ್ನು ಮುಂದೆ ಹೆಸರು ಕೊಟ್ಟು ಅಣುವನ್ನು ಕಟ್ಟಿಸಿ. ಮಾದರಿಯ ಪೆಟ್ಟಿಗೆ ಇಲ್ಲದಿದ್ದರೆ ಜೇಡಿಮಣ್ಣಿನ ನಾಲ್ಕು ಬಣ್ಣದ ಉಂಡೆಗಳು, ಒಂದಿಷ್ಟು ಕಡ್ಡಿ ಸಾಕು. (2ಆರ್,3ಆರ್) ಎಂದು ಹೇಳಿ, ಮೂವತ್ತು ಮಕ್ಕಳು ಕಟ್ಟಿದ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ. ಯಾವುದು ಉಳಿದವುಗಳೊಡನೆ ಹೊಂದುವುದಿಲ್ಲವೋ ಅದನ್ನು ಅವರೇ ಕಂಡುಹಿಡಿಯಲಿ, ಎಣಿಕೆ ಎಲ್ಲಿ ತಿರುಗಿತು ಎಂದು ಅವರೇ ಹೇಳಲಿ. ವಿನ್ಯಾಸ ತಿಳಿಯದ ಅಣುವನ್ನೂ ಒಮ್ಮೊಮ್ಮೆ ಕೊಡಿ. ‘ಗೊತ್ತಿಲ್ಲ’ ಎಂಬುದನ್ನು ಸರಿಯಾದ ಗುರುತಿನಿಂದ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಿ.

ಈಗ ಅಣುಗಳ ಹೆಸರನ್ನು ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ನಾವು ಚಿತ್ರದಲ್ಲಿ ಒಂದು ಬಂಧದ ದಿಕ್ಕನ್ನು ತಪ್ಪಾಗಿ ಎಳೆದರೆ ಅದು ತಪ್ಪು ಹೆಸರನ್ನೂ ಅಷ್ಟೇ ವೇಗದಲ್ಲಿ ಬರೆದುಕೊಡುತ್ತದೆ. ಆ ಹೆಸರನ್ನು ನಂಬಿ ಇನ್ನೊಂದು ಊರಿನಲ್ಲಿ ಯಾರೋ ಅಣುವನ್ನು ಕಟ್ಟುತ್ತಾರೆ, ಅದು ಯಾರದೋ ಔಷಧವಾಗುತ್ತದೆ. ಆದ್ದರಿಂದ ಹೆಸರು ಬರೆಯುವವನು ಓದುವವನಿಗೆ ಹೊಣೆ. ನಮ್ಮ ಮಕ್ಕಳಿಗೆ ನಿಯಮದ ಜೊತೆಗೆ ಈ ಹೊಣೆಯನ್ನೂ ಕಲಿಸೋಣ.